ಈಜುಕೊಳದ ಗ್ಯಾಸ್ ಹೀಟರ್ ‘ಎಕ್ಸಾಸ್ಟ್ ಓವರ್‌ಹೀಟ್’ ಎಂದು ನಿಲ್ಲುತ್ತಿದೆ, ಬೋರ್ಡ್ ಬದಲಿಸಬೇಕಾ?

ಪ್ರಶ್ನೆ: ನಮ್ಮ ಈಜುಕೊಳದ ಗ್ಯಾಸ್ ಹೀಟರ್‌ಗೆ ಏಳು ವರ್ಷ. ನ್ಯಾಚುರಲ್ ಗ್ಯಾಸ್, ಗಂಟೆಗೆ 4 ಲಕ್ಷ ಬಿಟಿಯು (ಬಿಸಿಯ ಅಳತೆ). ಈಗೀಗ ಎಂಟು ಹತ್ತು ನಿಮಿಷ ಚೆನ್ನಾಗಿ ಉರಿದು, ಎಕ್ಸಾಸ್ಟ್ ಬಿಸಿ ಜಾಸ್ತಿಯಾಗಿದೆ ಎಂದು ತೋರಿಸಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ರೀಸೆಟ್ ಮಾಡಿದರೆ ಮತ್ತೆ ಅದೇ ಕಥೆ. ಸೆನ್ಸರ್ ಹೊಸದು ಹಾಕಿಸಿದೆವು, ಅವತ್ತೇ ಫಿಲ್ಟರ್ ಕೂಡ ತೊಳೆದೆವು. ಎರಡು ದಿನ ಸರಿಯಿತ್ತು, ಮೂರನೇ ದಿನ ಮತ್ತೆ ಶುರು. ನಿಲ್ಲುವ ಮುಂಚೆ ಒಳಗಿಂದ ಕೆಟಲ್ ಕುದಿಯುವಂಥ ಸದ್ದು ಬರುತ್ತದೆ. ಹೋದ ವರ್ಷ ಹಳೆ ಪಂಪ್ ತೆಗೆದು ವೇಗ ಬದಲಿಸಬಹುದಾದ ಪಂಪ್ ಹಾಕಿಸಿದ್ದೇವೆ. ನೀರಿನ ಪಿಎಚ್ ಸಾಮಾನ್ಯವಾಗಿ 8ರ ಹತ್ತಿರ ಇರುತ್ತದೆ. ಒಬ್ಬರು ಕಂಟ್ರೋಲ್ ಬೋರ್ಡ್ ಹೋಗಿದೆ ಅಂತಾರೆ. ಇನ್ನೊಬ್ಬರು ಆ ಸೇಫ್ಟಿಯ ಎರಡು ವೈರ್ ಒಟ್ಟಿಗೆ ಜೋಡಿಸಿಬಿಡಿ, ಸಾಕು ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ವೈರ್ ವಿಷಯ. ದಯವಿಟ್ಟು ಆ ಕೆಲಸ ಮಾಡಬೇಡಿ, ಯಾರಿಗೂ ಮಾಡಲು ಬಿಡಬೇಡಿ. ಎಕ್ಸಾಸ್ಟ್ ದಾರಿಯಲ್ಲಿ ಕೂತಿರುವ ಆ ಚಿಕ್ಕ ಸೆನ್ಸರ್ ಹೀಟರ್ ನಿಲ್ಲಿಸುವುದು ನಿಮಗೆ ತೊಂದರೆ ಕೊಡಲು ಅಲ್ಲ. ಉರಿಯ ಬಿಸಿ ನೀರಿಗೆ ಹೋಗದೆ ಹೊಗೆಯ ಜೊತೆ ಹೊರಗೆ ಓಡುತ್ತಿದೆ ಎಂದು ಅದು ಹೇಳುತ್ತಿದೆ. ಅದರ ಬಾಯಿ ಮುಚ್ಚಿಸಿದರೆ ಬಿಸಿ ಕಡಿಮೆಯಾಗುವುದಿಲ್ಲ. ತಾಮ್ರದ ಕೊಳವೆ ಸುಡುತ್ತದೆ, ಒಳಗಿನ ಇನ್ಸುಲೇಷನ್ ಉದುರುತ್ತದೆ, ಪಕ್ಕದ ಪ್ಲಾಸ್ಟಿಕ್ ಪೈಪ್ ಮೆತ್ತಗಾಗುತ್ತದೆ. ಉರಿ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಬೇರೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮನೆಯ ಕಿಟಕಿ ಹತ್ತಿರ ಅಥವಾ ಮುಚ್ಚಿದ ಕೋಣೆಯಲ್ಲಿ ಹೀಟರ್ ಇದ್ದರೆ ಜೀವಕ್ಕೇ ಅಪಾಯ. ಪದೇ ಪದೇ ರೀಸೆಟ್ ಮಾಡುವುದೂ ಹೆಚ್ಚುಕಡಿಮೆ ಅದೇ ತಪ್ಪು. ಕಾರಣ ಗೊತ್ತಾಗುವವರೆಗೆ ಹೀಟರ್ ಆಫ್ ಇರಲಿ.

ಇನ್ನು ಬೋರ್ಡ್. ನೀವು ಬರೆದಿರುವುದನ್ನು ಓದಿದರೆ ಬೋರ್ಡ್ ಮೇಲೆ ನನಗೆ ಅನುಮಾನವೇ ಬರುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ಅರ್ಥವಾದರೆ ರಿಪೇರಿಗೆ ಬಂದವರ ಜೊತೆ ನೀವೇ ಸರಿಯಾಗಿ ಮಾತಾಡಬಹುದು.

ಗ್ಯಾಸ್ ಹೀಟರ್ ಮಾಡುವ ಕೆಲಸ ಒಂದೇ. ಬರ್ನರ್‌ನ ಬಿಸಿಯನ್ನು ತಾಮ್ರದ ಕೊಳವೆಗಳ ಗೋಡೆ ದಾಟಿಸಿ ಒಳಗೆ ಹರಿಯುವ ನೀರಿಗೆ ಕೊಡುವುದು. ನಿಮ್ಮಂಥ ಸಾಮಾನ್ಯ ಹೀಟರ್‌ನಲ್ಲಿ ಉರಿಯ ಬಿಸಿಯನ್ನು 100 ಭಾಗ ಅಂದುಕೊಂಡರೆ ಸುಮಾರು 83 ಭಾಗ ನೀರಿಗೆ ಸೇರುತ್ತದೆ. ಉಳಿದ 17 ಭಾಗ ಎಕ್ಸಾಸ್ಟ್ ಜೊತೆ ಹೋಗುತ್ತದೆ. ಈಗ ಏನೋ ಒಂದು ಅಡ್ಡಿಯಿಂದ ನೀರಿಗೆ 70 ಭಾಗ ಮಾತ್ರ ಸೇರಿತು ಅಂದುಕೊಳ್ಳಿ. ಎಕ್ಸಾಸ್ಟ್ ಕಡೆ 17 ಇದ್ದದ್ದು 30 ಆಯಿತು. ಹತ್ತಿರ ಹತ್ತಿರ ಎರಡು ಪಟ್ಟು!

ನೀರಿನ ಕಡೆ ಇದೇ ಬದಲಾವಣೆ ಹೇಗೆ ಕಾಣುತ್ತದೆ ನೋಡಿ. ಗಂಟೆಗೆ 4 ಲಕ್ಷ ಬಿಟಿಯು ಅಂದರೆ ಸುಮಾರು 117 ಕಿಲೋವಾಟ್. ಅದರಲ್ಲಿ 83 ಭಾಗ ನೀರಿಗೆ ಸೇರಿ, ನಿಮಿಷಕ್ಕೆ 200 ಲೀಟರ್ ನೀರು ಹರಿಯುತ್ತಿದ್ದರೆ ಹೀಟರ್ ದಾಟುವಾಗ ನೀರು ಸುಮಾರು 7 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. 70 ಭಾಗ ಮಾತ್ರ ಸೇರಿದರೆ ಸುಮಾರು 6 ಡಿಗ್ರಿ. ಕೈ ಇಟ್ಟು ನೋಡಿದರೆ ಈ ಒಂದು ಡಿಗ್ರಿ ಯಾರಿಗೂ ಗೊತ್ತಾಗುವುದಿಲ್ಲ. ‘ನೀರು ಬೆಚ್ಚಗೇ ಬರ್ತಿದೆ, ಆದರೂ ಹೀಟರ್ ಸುಮ್ನೆ ನಿಲ್ಲುತ್ತೆ’ ಎಂದು ಎಲ್ಲರಿಗೂ ಅನಿಸುವುದು ಇದಕ್ಕೇ. ಸುಮ್ನೆ ನಿಲ್ಲುತ್ತಿಲ್ಲ. ನೀರಿನಲ್ಲಿ ಕಾಣದ ವ್ಯತ್ಯಾಸ ಎಕ್ಸಾಸ್ಟ್‌ನಲ್ಲಿ ದೊಡ್ಡದಾಗಿ ಕಾಣುತ್ತಿದೆ, ಅಷ್ಟೆ. ಕೆಲವು ಮಾದರಿಗಳು 250 ಡಿಗ್ರಿ ಸೆಲ್ಸಿಯಸ್ ಹತ್ತಿರ ಗೆರೆ ಎಳೆದಿರುತ್ತವೆ. ಅದನ್ನು ದಾಟಿದ ಕೂಡಲೇ ಗ್ಯಾಸ್ ಬಂದ್. ನಿಮ್ಮ ಹೀಟರ್‌ನ ಗೆರೆ ಎಷ್ಟು ಅಂತ ಅದರ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ಹಾಗಾದರೆ ಬಿಸಿ ದಾರಿ ತಪ್ಪುವುದು ಯಾವಾಗ? ಉರಿಯೇ ಜಾಸ್ತಿ ಇರಬಹುದು. ನೀರು ಕಡಿಮೆ ಇರಬಹುದು. ಉರಿಗೂ ನೀರಿಗೂ ನಡುವಿನ ತಾಮ್ರದ ಗೋಡೆಗೆ ಏನೋ ಮೆತ್ತಿಕೊಂಡಿರಬಹುದು. ಇಲ್ಲವೇ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಇದರಲ್ಲಿ ಯಾವುದು ಎಂದು ತಿಳಿಯಲು ನಾನು ಮೊದಲು ಟೂಲ್ ಬಾಕ್ಸ್ ತೆಗೆಯುವುದಿಲ್ಲ. ಗಡಿಯಾರ ನೋಡುತ್ತೇನೆ. ಹೊತ್ತಿಸಿದ ಮೇಲೆ ಎಷ್ಟು ಹೊತ್ತಿಗೆ ನಿಂತಿತು ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಹೊತ್ತಿಸುವ ಮುಂಚೆಯೇ, ಹೀಟರ್ ಪೂರ್ತಿ ತಣ್ಣಗಿರುವಾಗಲೇ ಈ ಫಾಲ್ಟ್ ತೋರಿಸಿದರೆ ಅದು ಬಿಸಿಯ ಸಮಸ್ಯೆ ಅಲ್ಲವೇ ಅಲ್ಲ. ಸೆನ್ಸರ್, ವೈರ್ ಅಥವಾ ಕನೆಕ್ಟರ್‌ನ ಸಮಸ್ಯೆ. ಈ ಸೆನ್ಸರ್ ಹೆಚ್ಚಾಗಿ ಥರ್ಮಿಸ್ಟರ್ ಆಗಿರುತ್ತದೆ. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ. ಕನೆಕ್ಟರ್ ಒಳಗೆ ನೀರು ಸೇರಿ ಎರಡು ಪಿನ್ ನಡುವೆ ಕರೆಂಟ್ ಸೋರಿದರೆ ರೆಸಿಸ್ಟೆನ್ಸ್ ಇಳಿದಂತೆ ಕಂಡು, ಬೋರ್ಡ್ ಅದನ್ನು ‘ತುಂಬಾ ಬಿಸಿ’ ಎಂದು ಓದುತ್ತದೆ. ಹೊತ್ತಿಸಿದ ಕೆಲವೇ ಸೆಕೆಂಡ್‌ಗಳಲ್ಲಿ ನಿಂತರೂ ಮೊದಲು ಅನುಮಾನಿಸಬೇಕಾದ್ದು ಇದನ್ನೇ, ಯಾಕೆಂದರೆ ಅಷ್ಟು ಬೇಗ ಅಷ್ಟು ಬಿಸಿ ಏರುವುದು ಕಷ್ಟ. ಜೋರು ಗಾಳಿ ಬೀಸುವ ದಿನ ಮಾತ್ರ ನಿಂತರೆ ಎಕ್ಸಾಸ್ಟ್ ಹೊರಗೆ ಹೋಗುವ ದಾರಿ ನೋಡಬೇಕು. ಹಲವು ತಿಂಗಳು ಸುಮ್ಮನಿದ್ದ ಹೀಟರ್ ಮೊದಲ ದಿನವೇ ಕೈ ಕೊಟ್ಟರೆ ಒಳಗೆ ಹಕ್ಕಿ ಗೂಡು, ಇಲಿ ಗೂಡು, ಜೇಡರ ಬಲೆ ಹುಡುಕಬೇಕು. ಇವು ಗಾಳಿಯ ದಾರಿ ಕಟ್ಟಿ ಉರಿಯನ್ನೇ ಕೆಡಿಸುತ್ತವೆ.

ನಿಮ್ಮದು ಎಂಟು ಹತ್ತು ನಿಮಿಷ. ಅಷ್ಟು ಹೊತ್ತು ಚೆನ್ನಾಗಿ ಉರಿದು, ನಿಧಾನವಾಗಿ ಬಿಸಿ ಏರಿ ಗೆರೆ ದಾಟುತ್ತಿದೆ. ಹೊಸ ಸೆನ್ಸರ್ ಹಾಕಿದರೂ ಅದೇ ಆಗುತ್ತಿದೆ. ಎರಡು ಸೆನ್ಸರ್ ಒಂದೇ ಸುಳ್ಳು ಹೇಳುವುದಿಲ್ಲ ಅಲ್ವಾ? ಬೋರ್ಡ್ ಕೂಡ ಅದಕ್ಕೆ ಬಂದ ಸುದ್ದಿಯನ್ನು ಸರಿಯಾಗಿಯೇ ಓದುತ್ತಿದೆ. ಇನ್ನು, ಸೆನ್ಸರ್ ಹಾಕಿದ ಮೇಲೆ ಎರಡು ದಿನ ಸರಿಯಿತ್ತಲ್ಲ, ಅದು ಸೆನ್ಸರ್‌ನಿಂದ ಅಲ್ಲ ಅಂತ ನನ್ನ ಅನಿಸಿಕೆ. ಅವತ್ತೇ ಫಿಲ್ಟರ್ ತೊಳೆದಿದ್ದೀರಿ. ಫಿಲ್ಟರ್ ಸ್ವಚ್ಛವಾದಾಗ ನೀರಿನ ಹರಿವು ಸ್ವಲ್ಪ ಹೆಚ್ಚಿತು, ಹೀಟರ್ ಗೆರೆಯಿಂದ ಚೂರು ಕೆಳಗೆ ಉಳಿಯಿತು. ಫಿಲ್ಟರ್ ಮತ್ತೆ ಸ್ವಲ್ಪ ಕೊಳೆಯಾದ ಕೂಡಲೇ ಗೆರೆ ದಾಟಿತು. ಅಂದರೆ ನಿಮ್ಮ ಹೀಟರ್ ಈಗ ಅಂಚಿನಲ್ಲಿ ನಿಂತಿದೆ. ಸಣ್ಣ ಬದಲಾವಣೆಗೂ ಆಚೆ ಈಚೆ ಆಗುತ್ತಿದೆ.

ಅದನ್ನು ಅಂಚಿಗೆ ತಂದದ್ದು ಏನು? ನನ್ನ ಕಣ್ಣು ಹೋಗುವುದು ಹೋದ ವರ್ಷ ಹಾಕಿಸಿದ ಪಂಪ್ ಮತ್ತು ಪಿಎಚ್ 8ರ ಮೇಲೆ.

ವೇಗ ಬದಲಿಸುವ ಪಂಪ್ ಒಳ್ಳೆಯದೇ. ವೇಗ ಅರ್ಧ ಮಾಡಿದರೆ ಕರೆಂಟ್ ಖರ್ಚು ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಹರಿವೂ ಅರ್ಧಕ್ಕೆ ಇಳಿಯುತ್ತದೆ. ನೀರು ಶುದ್ಧವಾಗಿಡಲು ಆ ನಿಧಾನದ ವೇಗ ಸಾಕು. ಹೀಟರ್‌ಗೆ ಸಾಲದೇ ಹೋಗಬಹುದು. ನಿಮಿಷಕ್ಕೆ 200 ಲೀಟರ್ ಬದಲು 100 ಲೀಟರ್ ಹರಿದರೆ ನೀರು 7ರ ಬದಲು 14 ಡಿಗ್ರಿ ಬಿಸಿಯಾಗಬೇಕು. ಕೊಳವೆಯ ಒಳಗೋಡೆ ಇದಕ್ಕಿಂತ ತುಂಬಾ ಬಿಸಿ ಇರುತ್ತದೆ. ಹರಿವು ಇದೆಯೋ ಇಲ್ಲವೋ ನೋಡಲು ಪ್ರೆಶರ್ ಸ್ವಿಚ್ ಇದೆಯಲ್ಲ ಎಂದು ಕೇಳಬಹುದು. ಅದು ಒತ್ತಡ ಇದೆಯಾ ಅಂತ ನೋಡುತ್ತದೆ, ಬೇಕಾದಷ್ಟು ಲೀಟರ್ ಹೋಗುತ್ತಿದೆಯಾ ಅಂತ ಅಳೆಯುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬರೀ ಹರಿವು ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಮೊದಲು ನಿಲ್ಲಿಸುವುದು ನೀರಿನ ಕಡೆಯ ಹೈ ಲಿಮಿಟ್ ಸ್ವಿಚ್. ನೀರೇ ತುಂಬಾ ಬಿಸಿಯಾಗುತ್ತದಲ್ಲ, ಅದಕ್ಕೆ. ನಿಮ್ಮಲ್ಲಿ ನೀರಿನ ಸ್ವಿಚ್ ಸುಮ್ಮನಿದೆ, ಎಕ್ಸಾಸ್ಟ್ ಸೆನ್ಸರ್ ಕೂಗುತ್ತಿದೆ. ಉರಿಯ ಬಿಸಿ ನೀರಿಗೆ ಪೂರ್ತಿ ತಲುಪುತ್ತಿಲ್ಲ ಎಂದು ಇದರ ಅರ್ಥ. ನಡುವೆ ಏನೋ ಇದೆ.

ಆ ‘ಏನೋ’ ಬಹುತೇಕ ಸುಣ್ಣದ ಪದರ. ಕೆಟಲ್ ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂರುತ್ತದಲ್ಲ, ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಸಕ್ಕರೆ ಉಪ್ಪು ಬಿಸಿ ನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಇದು ಉಲ್ಟಾ. ನೀರು ಬಿಸಿಯಾದಷ್ಟೂ ಕರಗಿ ಉಳಿಯುವುದು ಕಡಿಮೆ. ಹಾಗಾಗಿ ಈಜುಕೊಳದಲ್ಲಿ ಎಲ್ಲೂ ಕಾಣದ ಸುಣ್ಣ ಹೀಟರ್ ಕೊಳವೆಯಲ್ಲಿ ಮೊದಲು ಕೂರುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಬಿಸಿ ಜಾಗ ಅದೇ. ಪಿಎಚ್ ಏರಿದರೆ ಸುಣ್ಣ ಇನ್ನೂ ಬೇಗ ಕೂರುತ್ತದೆ. ನಿಧಾನದ ಹರಿವಿನಿಂದ ಬಿಸಿಯಾದ ಗೋಡೆ, ಜೊತೆಗೆ ಪಿಎಚ್ 8. ಸುಣ್ಣ ಕಟ್ಟಲು ಇನ್ನೇನು ಬೇಕು?

ತಾಮ್ರ ಬಿಸಿಯನ್ನು ದಾಟಿಸುವ ಶಕ್ತಿ ಸುಮಾರು 400 ಎಂದಿಟ್ಟುಕೊಂಡರೆ ಸುಣ್ಣದ ಪದರದ್ದು ಎರಡೋ ಮೂರೋ. ಒಂದು ಮಿಲಿಮೀಟರ್ ಪದರ ನೋಡಲು ಏನೂ ಅಲ್ಲ ಅನಿಸುತ್ತದೆ, ಆದರೆ ಅದು ಉರಿ ಮತ್ತು ನೀರಿನ ನಡುವೆ ಹೊದಿಸಿದ ಕಂಬಳಿ. ಒಮ್ಮೆ ಒಂದು ಹಳೆಯ ಹೀಟರ್‌ನ ಕೊಳವೆಯನ್ನು ಕತ್ತರಿಸಿ ನೋಡಿದ್ದೆ. ಹೆಬ್ಬೆರಳು ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ ಮಾತ್ರ ಹೋಗುತ್ತಿತ್ತು. ಉಳಿದದ್ದೆಲ್ಲ ಕಲ್ಲು. ಆ ಹೀಟರ್ ಇಟ್ಟುಕೊಂಡಿದ್ದವರೂ ಎರಡು ಸಲ ಸೆನ್ಸರ್ ಬದಲಿಸಿದ್ದರು. ಅವತ್ತಿನಿಂದ ಎಕ್ಸಾಸ್ಟ್ ಫಾಲ್ಟ್ ಅಂದರೆ ನಾನು ಮೊದಲು ನೀರಿನ ಪರೀಕ್ಷೆಯ ಚೀಟಿ ಕೇಳುತ್ತೇನೆ.

ನೀವು ಹೇಳಿದ ಕೆಟಲ್ ಸದ್ದೂ ಇದಕ್ಕೆ ಹೊಂದುತ್ತದೆ. ಕೊಳವೆಯ ಗೋಡೆಗೆ ಅಂಟಿಕೊಂಡ ನೀರು ಅಲ್ಲಲ್ಲಿ ಕುದಿದು ಗುಳ್ಳೆಯಾಗಿ ಒಡೆಯುತ್ತಿದೆ. ಈಜುಕೊಳದ ಹೀಟರ್‌ನಲ್ಲಿ ನೀರು ಕುದಿಯುವ ಸದ್ದು ಯಾವತ್ತೂ ಬರಬಾರದು.

ಆದರೆ ಇದೇ ಸದ್ದು ಇನ್ನೊಂದು ಕಾರಣಕ್ಕೂ ಬರುತ್ತದೆ, ಅದನ್ನು ಬಿಡಬಾರದು. ಹೀಟರ್‌ನ ಹೆಡರ್ (ಕೊಳವೆಗಳಿಗೆ ನೀರು ಹಂಚುವ ಭಾಗ) ಒಳಗೆ ಸ್ಪ್ರಿಂಗ್ ಇರುವ ಬೈಪಾಸ್ ವಾಲ್ವ್ ಇರುತ್ತದೆ. ಪಂಪ್‌ನಿಂದ ಬರುವ ನೀರೆಲ್ಲ ಕೊಳವೆಗೆ ಬೇಕಿಲ್ಲ. ಬೇಕಾದಷ್ಟನ್ನು ಕೊಳವೆಗೆ ತಳ್ಳಿ ಉಳಿದದ್ದನ್ನು ಪಕ್ಕದಿಂದ ದಾಟಿಸುವುದು ಅದರ ಕೆಲಸ. ಸ್ಪ್ರಿಂಗ್ ಮುರಿದರೆ ಅಥವಾ ವಾಲ್ವ್ ತೆರೆದೇ ಸಿಕ್ಕಿಕೊಂಡರೆ ನೀರು ಸುಲಭದ ದಾರಿ ಹಿಡಿದು ಪಕ್ಕದಿಂದಲೇ ಹೋಗುತ್ತದೆ. ಪಂಪ್ ಸರಿ, ಪ್ರೆಶರ್ ಸರಿ, ಹೊರಗೆ ಬರುವ ನೀರೂ ಬೆರಕೆಯಾಗಿ ಹದವಾಗಿದೆ. ಕೊಳವೆಗೆ ಮಾತ್ರ ನೀರಿಲ್ಲ! ಪಕ್ಕದಲ್ಲೇ ಥರ್ಮಲ್ ರೆಗ್ಯುಲೇಟರ್ ಎಂಬ ಮೇಣದ ವಾಲ್ವ್ ಇರುವ ಮಾದರಿಗಳೂ ಇವೆ. ಬಿಸಿಗೆ ಒಳಗಿನ ಮೇಣ ಹಿಗ್ಗಿ ದಾರಿ ತೆರೆಯಬೇಕು. ಅದು ಮುಚ್ಚಿಯೇ ಉಳಿದರೂ ಫಲ ಒಂದೇ. ಇದನ್ನು ಬಿಚ್ಚಿ ಬಿಸಿ ನೀರಿನ ಪಾತ್ರೆಯಲ್ಲಿ ಇಟ್ಟು, ಪುಸ್ತಕದಲ್ಲಿ ಹೇಳಿದ ಬಿಸಿಗೆ ತೆರೆಯುತ್ತದಾ ಎಂದು ನೋಡಿದರೆ ಗೊತ್ತಾಗುತ್ತದೆ. ಈ ಎರಡು ಭಾಗಗಳನ್ನು ತುಂಬಾ ಜನ ನೋಡುವುದೇ ಇಲ್ಲ. ಹೆಡರ್ ಬಿಚ್ಚಿದಾಗ ಕೊಳವೆಯ ಬಾಯಲ್ಲಿ ಸುಣ್ಣ ಇದೆಯಾ ಎಂಬುದೂ ಟಾರ್ಚ್ ಬೆಳಕಿಗೆ ಕಾಣುತ್ತದೆ. ಆದ್ದರಿಂದ ಒಂದೇ ಸಲ ಮೂರನ್ನೂ ನೋಡಿಸಿ.

ಮೆತ್ತಿಕೊಳ್ಳುವುದು ಹೊರಗಡೆಯಿಂದಲೂ ಆಗಬಹುದು. ಉರಿಗೆ ಗಾಳಿ ಸಾಲದಿದ್ದರೆ ಮಸಿ ಹುಟ್ಟಿ ಕೊಳವೆಯ ರೆಕ್ಕೆಗಳ ನಡುವೆ ತುಂಬಿಕೊಳ್ಳುತ್ತದೆ. ಎಕ್ಸಾಸ್ಟ್ ಬಾಯಿಯ ಸುತ್ತ ಕಪ್ಪು ಕಲೆ, ಹಳದಿಯಾಗಿ ತೂಗಾಡುವ ಉರಿ, ಕಣ್ಣು ಉರಿಸುವ ವಾಸನೆ, ಹೊರ ತಗಡಿನಲ್ಲಿ ಬಣ್ಣ ಸುಟ್ಟ ಗುರುತು, ಇದರಲ್ಲಿ ಒಂದು ಕಂಡರೂ ಹೀಟರ್ ಮತ್ತೆ ಹೊತ್ತಿಸಬೇಡಿ. ಗ್ಯಾಸ್ ವಾಲ್ವ್ ಮುಚ್ಚಿ, ಲೈಸೆನ್ಸ್ ಇರುವ ಗ್ಯಾಸ್ ತಂತ್ರಜ್ಞರನ್ನು ಕರೆಸಿ. ಅಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುವ ಸಾಧ್ಯತೆ ಜಾಸ್ತಿ. ಮಸಿ ಇದೆ ಎಂದು ನೀವೇ ಬ್ರಷ್ ಹಿಡಿದು ಒಳಗೆ ಕೈ ಹಾಕುವುದೂ ಬೇಡ.

ಉರಿಯೇ ಜಾಸ್ತಿಯಾಗುವುದು ಅಪರೂಪ. ನಿಮ್ಮಲ್ಲಿ ಏಳು ವರ್ಷ ಅದೇ ಗ್ಯಾಸ್‌ನಲ್ಲಿ ನಡೆದಿದೆ, ಆದ್ದರಿಂದ ಇದರ ಸಾಧ್ಯತೆ ಕಡಿಮೆ. ಆದರೂ ಇತ್ತೀಚೆಗೆ ಯಾರಾದರೂ ಗ್ಯಾಸ್ ರೆಗ್ಯುಲೇಟರ್ ಮುಟ್ಟಿದ್ದಾರಾ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಓದುವ ಬೇರೆಯವರಿಗಾಗಿ ಒಂದು ಮಾತು: ಪ್ರೊಪೇನ್‌ನಲ್ಲಿ ಅಷ್ಟೇ ಗಾತ್ರದ ನ್ಯಾಚುರಲ್ ಗ್ಯಾಸ್‌ಗಿಂತ ಸುಮಾರು ಎರಡೂವರೆ ಪಟ್ಟು ಬಿಸಿ ಇದೆ. ನ್ಯಾಚುರಲ್ ಗ್ಯಾಸ್‌ಗೆ ಮಾಡಿದ ಸಣ್ಣ ಗ್ಯಾಸ್ ತೂತು, ಅಂದರೆ ಆರಿಫಿಸ್‌ನಲ್ಲಿ ಪ್ರೊಪೇನ್ ಬಿಟ್ಟರೆ ಹೀಟರ್ ಬೆಂಕಿ ಕಾರುತ್ತದೆ. ಗ್ಯಾಸ್ ಬದಲಿಸಿದ ಮೇಲೆ ಈ ಫಾಲ್ಟ್ ಶುರುವಾಗಿದ್ದರೆ ಬೇರೇನೂ ಹುಡುಕಬೇಕಿಲ್ಲ.

ಈಗ ನೀವೇ ಮಾಡಬಹುದಾದ ಒಂದು ಪರೀಕ್ಷೆ. ಮೇಲೆ ಹೇಳಿದ ಮಸಿ, ವಾಸನೆ, ಸುಟ್ಟ ಗುರುತು ಯಾವುದೂ ಇಲ್ಲ, ಹೀಟರ್ ಬಯಲಿನಲ್ಲಿದೆ ಎಂದಾದರೆ ಮಾತ್ರ ಮಾಡಿ. ಫಿಲ್ಟರ್ ತೊಳೆಯಿರಿ. ಪಂಪ್ ಮುಂದಿನ ಬುಟ್ಟಿ ಖಾಲಿ ಮಾಡಿ. ಹೀಟರ್ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಬೈಪಾಸ್ ವಾಲ್ವ್ ಇದ್ದರೆ ಅದು ಅರೆಬರೆ ತೆರೆದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಪಂಪ್ ವೇಗವನ್ನು ಹೀಟರ್‌ನ ಪುಸ್ತಕ ಹೇಳುವ ಗರಿಷ್ಠ ಹರಿವು ಮೀರದಂತೆ ಏರಿಸಿ. ಒಂದು ಥರ್ಮಾಮೀಟರ್‌ನಿಂದ ಕೊಳದ ನೀರಿನ ಬಿಸಿ ನೋಡಿ ಬರೆದುಕೊಳ್ಳಿ. ಹೀಟರ್ ಹೊತ್ತಿಸಿ, ಐದನೇ ನಿಮಿಷಕ್ಕೆ ಕೊಳಕ್ಕೆ ವಾಪಸ್ ಬೀಳುವ ನೀರಿನ ಬಿಸಿ ನೋಡಿ. ಎಷ್ಟು ನಿಮಿಷಕ್ಕೆ ನಿಂತಿತು ಅನ್ನುವುದನ್ನೂ ಬರೆಯಿರಿ. ಒಮ್ಮೆ ಮಾತ್ರ. ಕುದಿಯುವ ಸದ್ದು ಶುರುವಾದರೆ ಹೀಟರ್ ಕೂಡಲೇ ಆಫ್ ಮಾಡಿ, ಪಂಪ್ ಮಾತ್ರ ಓಡುತ್ತಿರಲಿ.

ವೇಗ ಏರಿಸಿದ ಮೇಲೆ ನಿಲ್ಲದೆ ಅರ್ಧ ಗಂಟೆ ಉರಿದರೆ ಮೂಲ ಕಾರಣದಲ್ಲಿ ಹರಿವಿನ ಪಾಲು ದೊಡ್ಡದು. ಆದರೂ ಕೊಳವೆ ನೋಡಿಸುವುದನ್ನು ಬಿಡಬೇಡಿ, ಒಂದು ವರ್ಷದ ಸುಣ್ಣ ಅಲ್ಲೇ ಇರುತ್ತದೆ. ಹತ್ತರ ಬದಲು ಹದಿನೈದು ನಿಮಿಷಕ್ಕೆ ನಿಂತರೆ ಪದರ ದಪ್ಪಗಿದೆ. ಏನೂ ವ್ಯತ್ಯಾಸವಾಗದೆ ಹತ್ತೇ ನಿಮಿಷಕ್ಕೆ ನಿಂತರೆ ಒಳಗಿನ ಬೈಪಾಸ್ ವಾಲ್ವ್ ಕಡೆಗೆ ನನ್ನ ಅನುಮಾನ ವಾಲುತ್ತದೆ. ಯಾಕೆಂದರೆ ನೀವು ಹೆಚ್ಚಿಸಿದ ನೀರೆಲ್ಲ ಪಕ್ಕದಿಂದ ಹೋಗುತ್ತಿದೆ.

ತಂತ್ರಜ್ಞರು ಬಂದಾಗ ಹೆಡರ್ ಬಿಚ್ಚಿಸಿ. ಗ್ಯಾಸ್ ಒತ್ತಡವನ್ನು ಹೀಟರ್‌ನ ಹೆಸರು ಫಲಕದಲ್ಲಿರುವ ಅಂಕಿಗೆ ಹೋಲಿಸಿ ನೋಡಲು ಹೇಳಿ. ಅನಲೈಸರ್ ಇಟ್ಟು ಎಕ್ಸಾಸ್ಟ್‌ನ ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್ ಅಳೆಯಲಿ. ಸುಣ್ಣ ತೆಳುವಾಗಿದ್ದರೆ ಆಸಿಡ್ ದ್ರಾವಣ ಸುತ್ತಿಸಿ ಕರಗಿಸಬಹುದು. ಇದನ್ನು ಕೆಲಸ ಬಲ್ಲವರೇ ಮಾಡಬೇಕು. ಜಾಸ್ತಿ ಹೊತ್ತು ಬಿಟ್ಟರೆ ಸುಣ್ಣದ ಜೊತೆ ತಾಮ್ರವೂ ಹೋಗುತ್ತದೆ. ಪೂರ್ತಿ ಕಲ್ಲಾಗಿದ್ದರೆ ಆ ಕೊಳವೆಗಳ ಇಡೀ ಜೋಡಣೆ, ಅಂದರೆ ಎಕ್ಸ್‌ಚೇಂಜರ್ ಬದಲಿಸುವುದೇ ದಾರಿ. ಜೊತೆಗೆ ಉರಿಯ ಕೋಣೆಯ ಇನ್ಸುಲೇಷನ್ ಮತ್ತು ಬಿಸಿ ಗಾಳಿಯನ್ನು ಕೊಳವೆಗಳ ಸುತ್ತ ತಿರುಗಿಸುವ ತಗಡುಗಳು ಜಾಗದಲ್ಲಿವೆಯಾ ಎಂದು ನೋಡಲಿ. ಅವು ಜರುಗಿದ್ದರೆ ಬಿಸಿ ಕೊಳವೆ ಮುಟ್ಟದೆ ನೇರ ಹೊರಗೆ ನುಸುಳುತ್ತದೆ.

ರಿಪೇರಿ ಆದ ಮೇಲೆ ನೀರು ಸರಿ ಮಾಡದಿದ್ದರೆ ಇದೇ ಕಾಗದ ಮತ್ತೆ ಬರೆಯುತ್ತೀರಿ. ಪಿಎಚ್ 7.2ರಿಂದ 7.8ರ ಒಳಗೆ ಇರಲಿ, 7.5ರ ಆಸುಪಾಸು ಇದ್ದರೆ ಇನ್ನೂ ಒಳ್ಳೆಯದು. ಆಲ್ಕಲಿನಿಟಿ (ಪಿಎಚ್ ಏರಿಳಿತ ತಡೆಯುವ ಗುಣ) 80ರಿಂದ 120 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಕ್ಯಾಲ್ಸಿಯಂ ಗಡಸುತನ 200ರಿಂದ 400 ಪಿಪಿಎಂ. ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರ ನಿಮ್ಮಲ್ಲಿದ್ದರೆ ಪಿಎಚ್ ತಾನಾಗಿಯೇ ಏರುತ್ತಿರುತ್ತದೆ, ಆಗಾಗ ನೋಡಬೇಕು. ಹಾಗಂತ ಆಸಿಡ್ ಸುರಿದು ತುಂಬಾ ಇಳಿಸಲೂ ಬೇಡಿ. ಪಿಎಚ್ 7ಕ್ಕಿಂತ ಕೆಳಗೆ ಹೋದರೆ ನೀರು ತಾಮ್ರವನ್ನೇ ತಿನ್ನುತ್ತದೆ, ಕೊಳದ ಗೋಡೆಯಲ್ಲಿ ಹಸಿರು ನೀಲಿ ಕಲೆ ಕಾಣುತ್ತದೆ.

ಪಂಪ್‌ನಲ್ಲಿ ‘ಬಿಸಿ ಮಾಡುವಾಗ’ ಎಂದು ಬೇರೆ ವೇಗ ಹೊಂದಿಸಿಕೊಳ್ಳಿ. ಹೀಟರ್ ಆರಿದ ಕೂಡಲೇ ಪಂಪ್ ನಿಲ್ಲದಂತೆ ನೋಡಿಕೊಳ್ಳಿ. ಟೈಮರ್ ಪಂಪನ್ನು ತಟ್ಟನೆ ನಿಲ್ಲಿಸಿದರೆ ಕೊಳವೆಯಲ್ಲಿ ಉಳಿದ ನೀರು ಬಿಸಿ ಲೋಹಕ್ಕೆ ಸಿಕ್ಕು ಕುದಿಯುತ್ತದೆ, ಪ್ರತಿ ಸಲ ಸ್ವಲ್ಪ ಸುಣ್ಣ ಬಿಟ್ಟು ಹೋಗುತ್ತದೆ. ಪಂಪ್‌ಗಿಂತ ಹದಿನೈದು ಇಪ್ಪತ್ತು ನಿಮಿಷ ಮುಂಚೆ ಹೀಟರ್ ಆಫ್ ಮಾಡುವ ಟೈಮರ್‌ಗಳು ಸಿಗುತ್ತವೆ. ನಿಮ್ಮದು ಅಂಥದ್ದಾ ನೋಡಿ.

ಪರೀಕ್ಷೆ ಮಾಡಿದರೆ ಕೊಳದ ನೀರಿನ ಬಿಸಿ, ವಾಪಸ್ ನೀರಿನ ಬಿಸಿ, ನಿಂತ ನಿಮಿಷ, ಈ ಮೂರು ಅಂಕಿಯನ್ನೂ ಜೊತೆಗೆ ಕ್ಯಾಲ್ಸಿಯಂ ಗಡಸುತನವನ್ನೂ ಬರೆದು ಕಳಿಸಿ. ಪಂಪ್ ಯಾವ ವೇಗದಲ್ಲಿ ಓಡುತ್ತಿತ್ತು ಎಂದೂ ತಿಳಿಸಿ. ಅಲ್ಲಿಯವರೆಗೆ ಹೊಸ ಬೋರ್ಡ್‌ಗೆ ಆರ್ಡರ್ ಕೊಡಬೇಡಿ.